ಅಕ್ಕ ಆಡಿದ ಉಳಿದ ಮಾತು

ಬಾನುಲಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕತ್ತರಿ ಎಂದೇ. ಬಾಯಿ ಕತ್ತರಿಯಂತೆ ಆಡುತ್ತಿತ್ತು ಅಂತಲ್ಲ, ಅವಳು ಬಾಯಿ ಬಿಡುತ್ತಿದ್ದುದೇ ಅಪರೂಪ. ಬೇರೆಯವರ ಮಾತನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಮಂತ್ರಿಗಳ ಕೆಮ್ಮು, ಪಂಡಿತರ ‘ಅಂದರೆ ಅಂದರೆ’, ಹಾಡುವವರು ಉಸಿರೆಳೆದುಕೊಳ್ಳುವ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲ ಅವಳ ಮೇಜಿನ ಮೇಲೆ ಹೇಳಹೆಸರಿಲ್ಲದಂತೆ ಮಾಯವಾಗುತ್ತಿದ್ದವು. ತಡವರಿಸಿಕೊಂಡು ಒಳಗೆ ಹೋದವರು ಮಹಾ ಮಾತುಗಾರರಾಗಿ ಹೊರಗೆ ಬರುತ್ತಿದ್ದರು. ಹೊಲಿಗೆ ಎಲ್ಲಿ ಬಿದ್ದಿದೆ ಅಂತ ಎಷ್ಟು ಕಿವಿಗೊಟ್ಟರೂ ಗೊತ್ತಾಗುತ್ತಿರಲಿಲ್ಲ.

ಆ ವಾರ ಕೇಂದ್ರಕ್ಕೆ ಒಂದು ವಿಚಿತ್ರ ಪೇಚಾಟ ಬಂದಿತ್ತು. ರೇಡಿಯೋ, ಟಿ.ವಿ. ಇರುವ ಪ್ರತಿ ಮನೆಯೂ ಪ್ರತಿ ಅಂಗಡಿಯೂ ವರ್ಷಕ್ಕೊಮ್ಮೆ ಲೈಸೆನ್ಸ್ ಫೀ ಕಟ್ಟಬೇಕು, ಆ ದುಡ್ಡಿನಲ್ಲೇ ಕೇಂದ್ರ ನಡೆಯಬೇಕು ಎನ್ನುವುದು ಅಜ್ಜನ ಕಾಲದ ಕಾನೂನು. ಅದನ್ನು ಇಟ್ಟುಕೊಳ್ಳಬೇಕೋ ಕಿತ್ತುಹಾಕಬೇಕೋ ಎಂದು ಮುಂದಿನ ವಾರ ಶಾಸನಸಭೆ ತೀರ್ಮಾನಿಸುವುದಿತ್ತು. ನಾಡಿನ ಎಲ್ಲ ವಿಷಯದ ಮೇಲೂ ಚರ್ಚೆ ನಡೆಸುವ ಕೇಂದ್ರ ತನ್ನ ಊಟದ ತಟ್ಟೆಯ ಮೇಲೇ ಚರ್ಚೆ ನಡೆಸಬೇಕಾಗಿ ಬಂದಿತ್ತು.

“ವಿರೋಧದವರಿಗೆ ಒಂದು ಸೆಕೆಂಡ್ ಕಮ್ಮಿ ಆಗಬಾರದು, ಫೀ ಪರ ಇರೋರಿಗೆ ಒಂದು ಸೆಕೆಂಡ್ ಜಾಸ್ತಿ ಆಗಬಾರದು,” ಎಂದು ಮುಖ್ಯಸ್ಥರು ಬೆಳಗಿನ ಮೀಟಿಂಗಿನಲ್ಲಿ ಹೇಳಿದ್ದರು. “ಎಲ್ಲರೂ ತಕ್ಕಡಿ ಹಿಡಿದು ಕೂತಿರ್ತಾರೆ.”

ತಕ್ಕಡಿಯ ಒಂದು ಕಡೆಗೆ ಹಾಕಲು ಸರಕೇ ಇರಲಿಲ್ಲ. ಬೀದಿಯಲ್ಲಿ ಜನರ ಅಭಿಪ್ರಾಯ ಕೇಳಿಕೊಂಡು ಬರುವ ವರದಿಗಾರನಿಗೆ ಕೇಂದ್ರದಲ್ಲಿ ಚಪ್ಪಲಿ ಎಂದು ಹೆಸರು. ವರ್ಷಕ್ಕೆ ಅಷ್ಟು ಜೊತೆ ಸವೆಸುತ್ತಿದ್ದ. ನಿವೃತ್ತಿಗೆ ಹತ್ತಿರವಾದ ಆ ಮನುಷ್ಯ ರೆಕಾರ್ಡರನ್ನು ಅವಳ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದ.

“ಸಿಕ್ಕಿದವರೆಲ್ಲ ಬೈಯೋರೇ ಕಣಮ್ಮ. ಒಬ್ಬ ಅಂತೂ ‘ಈ ಮೈಕು ನನ್ನ ದುಡ್ಡಲ್ಲೇ ತಗೊಂಡಿರೋದು ತಾನೆ, ಕೊಡಿಲ್ಲಿ, ಮನೆಗೆ ತಗೊಂಡು ಹೋಗ್ತೀನಿ’ ಅಂತ ಕಿತ್ಕೊಳ್ಳೋಕೆ ಬಂದ.”

“ಪರವಾಗಿ ಯಾರೂ ಸಿಗಲಿಲ್ವಾ?”

“ಇಬ್ಬರು ಮೇಷ್ಟ್ರುಗಳು ಸಿಕ್ಕಿದ್ರು. ಅವರ ಮಾತು ಕೇಳಿದ್ರೆ ಪರ ಇರೋರೂ ವಿರೋಧ ಆಗ್ತಾರೆ. ಆದ್ರೆ ಒಬ್ಬಳು ಸಿಕ್ಕಿದಾಳೆ ನೋಡು, ಬಂಗಾರ. ಮಾರುಕಟ್ಟೆ ಹಿಂದೆ ಲಾಂಡ್ರಿ ಇಟ್ಕೊಂಡಿದಾಳೆ. ಕೇಳು, ನಿಂಗೇ ಗೊತ್ತಾಗುತ್ತೆ.”

ಅವಳು ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಕೇಳಿಸಿದ್ದು ಮಾತಲ್ಲ. ಹಬೆಯ ಬುಸ್ ಎನ್ನುವ ಸದ್ದು, ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಕಬ್ಬಿಣದ ತಟ್ಟೆಯ ಮೇಲೆ ಕುಕ್ಕಿದ ಸದ್ದು. ಅಷ್ಟು ಸಾಕಾಯಿತು. ಬೇರೆ ಯಾರೂ ಇಸ್ತ್ರಿಪೆಟ್ಟಿಗೆಯನ್ನು ಹಾಗೆ ಸಿಟ್ಟು ಬಂದವರಂತೆ ಕುಕ್ಕುವುದಿಲ್ಲ. ಅಕ್ಕ.

ಅಮ್ಮ ಹೋದ ಮೇಲೆ ಅವಳನ್ನು ಸಾಕಿದ್ದು ಈ ಅಕ್ಕ. ಊರವರ ಕಾಲರುಗಳನ್ನೆಲ್ಲ ನೆಟ್ಟಗೆ ಮಾಡಿ ತಂಗಿಯ ಓದು ದಡ ಸೇರಿಸಿದವಳು. ತಂಗಿಯ ಮಗಳು ಹಸುಗೂಸಾಗಿದ್ದಾಗ ಬಟ್ಟೆಗಂಟುಗಳ ನಡುವೆ ಮಲಗಿಸಿಕೊಂಡು ಕಾದವಳು. ತಂಗಿ ಕೇಂದ್ರದಲ್ಲಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, “ಅದೇ, ಹಾಡು ಗೀಡು ಹಾಕ್ತಾಳೆ,” ಎನ್ನುತ್ತಿದ್ದವಳು.

ಹೆಡ್‌ಫೋನಿನಲ್ಲಿ ಚಪ್ಪಲಿ ಪ್ರಶ್ನೆ ಕೇಳಿದ. “ಲೈಸೆನ್ಸ್ ಫೀ ಇರಬೇಕಾ, ತೆಗೀಬೇಕಾ? ಏನಂತೀರಿ?”

ಉತ್ತರ ಬರಲಿಲ್ಲ. ಹಬೆ ಬುಸುಗುಟ್ಟಿತು. ಹಿಂದೆಲ್ಲೋ ಅಂಗಡಿಯ ರೇಡಿಯೋ ತನ್ನ ಪಾಡಿಗೆ ತಾನು ಮಾತಾಡಿಕೊಳ್ಳುತ್ತಿತ್ತು. ಯಾರೋ ಗಿರಾಕಿ “ನಾಳೆ ಬರ್ಲಾ?” ಎಂದ. ಬಟ್ಟೆ ಕೊಡವಿದ ಸದ್ದು. ಅಷ್ಟೆಲ್ಲ ಆದ ಮೇಲೆ ಅಕ್ಕನ ಧ್ವನಿ ಬಂತು.

“ಇರಲಿ. ಈ ರೇಡಿಯೋ ಪೆಟ್ಟಿಗೆ ಇಲ್ದಿದ್ರೆ ನನ್ನ ಕೈಯೇ ಓಡಲ್ಲ. ಅಪ್ಪ ಹಾಸಿಗೆ ಹಿಡಿದಾಗ ಅವರ ಜೊತೆ ಹಗಲೆಲ್ಲ ಮಾತಾಡಿದ್ದು ಇದೊಂದೇ, ನಂಗೆ ಪುರುಸೊತ್ತು ಎಲ್ಲಿತ್ತು? ಇದಕ್ಕೆ ಕೊಡೋ ದುಡ್ಡು ದುಡ್ಡೇ ಅಲ್ಲ. ಆದ್ರೆ ಒಂದು ಮಾತು. ಬಂಗಲೆಯವರಿಗೂ ಅಷ್ಟೇ, ನಂಗೂ ಅಷ್ಟೇ ಅಂದ್ರೆ ಯಾವ ಸೀಮೆ ನ್ಯಾಯ? ಮನೆಗೊಂದು ಕಟ್ಟು, ಅಂಗಡಿಗೆ ಬೇರೆ ಕಟ್ಟು ಅಂತಾರೆ. ಮನೇಲಿರೋಳೂ ನಾನೇ, ಅಂಗಡೀಲಿರೋಳೂ ನಾನೇ. ಕಿವಿ ಏನು ನಾಲ್ಕಿದ್ಯಾ ನಂಗೆ? ಅಂಗಡಿದು ನಾನು ಕಟ್ಟಿಲ್ಲ, ಕಟ್ಟೋಕಾಗಲ್ಲ. ಒಂದೊಂದ್ಸಲ ಕಿತ್ತೇ ಹಾಕ್ಲಿ ಅನ್ನಿಸುತ್ತೆ. ಆಮೇಲೆ ಈ ರೇಡಿಯೋದವರು ಬಾಯಿ ಮುಚ್ಕೊಂಡ್ರೆ ಇಡೀ ದಿನ ಯಾರ ಜೊತೆ ಇರ್ಲಿ ಅಂತಾನೂ ಅನ್ನಿಸುತ್ತೆ. ಏನು ಹೇಳ್ಲಿ, ನೀವೇ ಹೇಳಿ.”

ಮನೆಯವರ ಧ್ವನಿ ಮೇಜಿಗೆ ಬಂದರೆ ಮುಖ್ಯಸ್ಥರಿಗೆ ತಿಳಿಸಿ ಪಕ್ಕಕ್ಕಿಡಬೇಕು ಎನ್ನುವುದು ಅಲ್ಲಿನ ನಿಯಮ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚಪ್ಪಲಿ ಟೀ ತರಲು ಎದ್ದು ಹೋಗಿದ್ದ. ಹೇಳಬಹುದಿತ್ತು. ಆದರೆ ಮೇಷ್ಟ್ರುಗಳ ಸಪ್ಪೆ ಮಾತಿನ ಪಕ್ಕದಲ್ಲಿ ಅಕ್ಕನ ಮಾತು ಈಗಷ್ಟೇ ಇಸ್ತ್ರಿ ಮಾಡಿಟ್ಟ ಅಂಗಿಯಂತೆ ಬೆಚ್ಚಗಿತ್ತು. ಪರದ ಕಡೆ ಜಾಗ ಖಾಲಿ ಇತ್ತು, ಗಡಿಯಾರ ಓಡುತ್ತಿತ್ತು. ಜೊತೆಗೆ, ಸುಳ್ಳೇಕೆ, ಅವಳಿಗೆ ಹೆಮ್ಮೆಯೂ ಆಗಿತ್ತು.

ಮೇಜಿನ ಮೇಲೆ ಎರಡೇ ಗುಂಪು, ಪರ ಮತ್ತು ವಿರೋಧ. ‘ಆದರೆ’ಗೆ ಮೂರನೆಯ ಗುಂಪಿರಲಿಲ್ಲ. ಅವಳ ಕೈ ರೂಢಿಯಂತೆ ಓಡಿತು. ಮೊದಲಿನ ಮೌನ ಹೋಯಿತು. ‘ಆದ್ರೆ ಒಂದು ಮಾತು’ ಎನ್ನುವಲ್ಲಿಂದ ಕೊನೆಯವರೆಗೂ ಹೋಯಿತು. ಅಂಗಡಿಯ ಫೀ ಕಟ್ಟಿಲ್ಲ ಎಂದು ಅಕ್ಕ ಬಾಯಿಬಿಟ್ಟಿದ್ದು ಊರಿಗೆಲ್ಲ ಕೇಳಿಸದಂತಾಯಿತಲ್ಲ, ಅಕ್ಕನಿಗೇ ಒಳ್ಳೆಯದಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಉಳಿದದ್ದು ಸ್ವಲ್ಪ ಬರಿದಾಗಿ ಕೇಳಿಸಿತು. ಅದಕ್ಕೆ ಹಿಂದಿನ ಸದ್ದನ್ನು ಒಂದಿಷ್ಟು ಏರಿಸಿದಳು. ಹಬೆ, ಇಸ್ತ್ರಿ, ಅದರ ಹಿಂದೆ ಅಂಗಡಿಯ ರೇಡಿಯೋ. ಕೇಂದ್ರದ ರೇಡಿಯೋದಲ್ಲಿ ಲಾಂಡ್ರಿಯ ರೇಡಿಯೋ, ಅದರಲ್ಲಿ ಮತ್ತೆ ಕೇಂದ್ರದ್ದೇ ಧ್ವನಿ. ಅವಳಿಗೇ ರೋಮಾಂಚನವಾಯಿತು.

ಮುಖ್ಯಸ್ಥರು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. “ಇದನ್ನ ಚರ್ಚೆಗೆ ಮಾತ್ರ ಇಡಬೇಡ. ಚರ್ಚೆಯ ಜಾಹೀರಾತಿಗೂ ಹಾಕು. ವಿರೋಧದ ಒಂದು ಧ್ವನಿ, ಇದು ಒಂದು. ಗಂಟೆಗೊಂದು ಸಲ ಹೋಗಲಿ.”

ಹೋಯಿತು. ಗಂಟೆಗೊಂದು ಸಲ ಅಕ್ಕ “ಇರಲಿ” ಎಂದಳು. ತಡವರಿಸದೆ, ಥಟ್ಟನೆ, ಪ್ರಶ್ನೆಗೇ ಕಾದು ಕೂತವಳಂತೆ.

ಎರಡು ದಿನ ಕಳೆದ ಮೇಲೆ ಭಾವ ಫೋನ್ ಮಾಡಿದರು. ಸಾಮಾನು ಸಾಗಿಸುವ ವ್ಯಾನ್ ಓಡಿಸುವ ಭಾವನಿಗೆ ಕೇಂದ್ರದ ಮೇಲೆ ಹಳೆಯ ಸಿಟ್ಟು.

“ಏನಮ್ಮಾ, ನಿಮ್ಮಕ್ಕನ್ನ ಮಂತ್ರಿ ಮಾಡ್ಬಿಟ್ರಲ್ಲ! ಮನೇಲಿ ದಿನಾ ಆ ಫೀಗೆ ಶಾಪ ಹಾಕ್ತಾಳೆ, ರೇಡಿಯೋದಲ್ಲಿ ದುಡ್ಡೇ ಅಲ್ಲ ಅಂತಾಳೆ. ನಾನು ಕೇಳದ ಸಂಗೀತಕ್ಕೆ ನಾನ್ಯಾಕೆ ದುಡ್ಡು ಕೊಡ್ಬೇಕು ಹೇಳು?”

“ಪ್ರವಾಹ ಬಂದಾಗ ಯಾವ ರಸ್ತೆ ಮುಚ್ಚಿದೆ ಅಂತ ಯಾರು ಹೇಳಿದ್ದು ಭಾವ ನಿಮಗೆ? ಸಾಬೂನು ಜಾಹೀರಾತು ಹಾಕೋ ಖಾಸಗಿ ರೇಡಿಯೋದವರಾ?”

“ಹೇಳಿದ್ರು, ಇಲ್ಲ ಅನ್ನಲ್ಲ. ವರ್ಷಕ್ಕೊಂದ್ಸಲ ರಸ್ತೆ ಹೇಳೋಕೆ ವರ್ಷವಿಡೀ ವೀಣೆ ಕೇಳ್ಬೇಕಾ? ಸರ್ಕಾರ ಕೊಡ್ಲಿ ಬೇಕಾದ್ರೆ.”

“ಸರ್ಕಾರ ಕೊಟ್ರೆ ಸರ್ಕಾರ ಹೇಳಿದ ಹಾಗೆ ಕುಣೀಬೇಕು ಭಾವ.”

“ಈಗೇನು ಕುಣೀದೆ ನಿಂತಿದ್ದೀರಾ?” ಭಾವ ನಕ್ಕರು. ಆಮೇಲೆ ಧ್ವನಿ ತಗ್ಗಿಸಿ, “ತಮಾಷೆ ಇರಲಿ. ಸಂಜೆ ಒಂದ್ಸಲ ಅಂಗಡಿ ಕಡೆ ಬಾ. ಅವಳು ಊಟ ಬಿಟ್ಟಿದಾಳೆ,” ಎಂದರು.

ಸಂಜೆ ಲಾಂಡ್ರಿಗೆ ಹೋದಾಗ ಅವಳಿಗೆ ಬಾಗಿಲಲ್ಲೇ ಏನೋ ತಪ್ಪಿದೆ ಅನ್ನಿಸಿತು. ಅಂಗಡಿಯಲ್ಲಿ ಸದ್ದೇ ಇರಲಿಲ್ಲ. ರೇಡಿಯೋ ಇರುತ್ತಿದ್ದ ಅಡ್ಡಹಲಗೆಯ ಮೇಲೆ ಧೂಳಿನ ನಡುವೆ ಒಂದು ಚೌಕ ಮಾತ್ರ ಸ್ವಚ್ಛವಾಗಿತ್ತು. ಅಕ್ಕ ಒಂದು ಬಿಳಿ ಅಂಗಿಯ ತೋಳಿಗೆ ನೀರು ಚಿಮುಕಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ನಿನ್ನೆ ಫೀ ವಸೂಲಿಯವನು ಬಂದಿದ್ದ,” ಎಂದಳು. “ಪಾಪ, ನಮ್ಮ ಗಿರಾಕಿನೇ. ಅವನ ಯೂನಿಫಾರಂ ಇಸ್ತ್ರಿ ಮಾಡೋದೂ ನಾನೇ. ‘ಅಕ್ಕಾ, ಇಷ್ಟು ವರ್ಷ ಕಂಡೂ ಕಾಣದ ಹಾಗೆ ಇದ್ದೆ. ಈಗ ಇಡೀ ಊರಿಗೆ ನಿಮ್ಮ ಅಂಗಡಿ ರೇಡಿಯೋ ಕೇಳಿಸಿದೆ, ಮೇಲಿನವರು ನನ್ನ ಹೆಸರು ಹಿಡಿದು ಕರೆದು ಕೇಳಿದ್ರು. ನಾನೇನು ಮಾಡ್ಲಿ?’ ಅಂದ. ದಂಡದ ಚೀಟಿ ಕೊಟ್ಟು, ರೇಡಿಯೋಗೆ ಸೀಲ್ ಹಾಕಿ, ಎತ್ಕೊಂಡು ಹೋದ.”

ತಂಗಿ ಹಲಗೆಯ ಮೇಲಿನ ಖಾಲಿ ಚೌಕವನ್ನು ನೋಡಿದಳು. ತಾನು ಇಂಪಾಗಲಿ ಎಂದು ಏರಿಸಿದ ಸದ್ದು.

“ದಂಡ ಹಾಳಾಗಲಿ, ಕಟ್ಟಬಹುದು,” ಎಂದಳು ಅಕ್ಕ, ಅಂಗಿಯನ್ನು ಮಗುಚಿ. “ಬೆಳಿಗ್ಗೆ ಮೂಲೆ ಮನೆಯವಳು ಬಟ್ಟೆ ತಗೊಂಡು ಹೋಗೋಕೆ ಬಂದಳು. ‘ಕಟ್ಟೋದು ಕಟ್ಟಲ್ಲ, ರೇಡಿಯೋದಲ್ಲಿ ಮಾತ್ರ ದುಡ್ಡೇ ಅಲ್ಲ ಅಂತೀಯಲ್ಲ, ಭಾಷಣಕ್ಕೆ ಎಷ್ಟು ಕೊಟ್ರು?’ ಅಂದಳು. ನಗ್ತಾ ಅಂದಳು, ಎಲ್ಲರ ಎದುರಿಗೆ. ಇಷ್ಟು ವರ್ಷದಲ್ಲಿ ಒಂದು ಗುಂಡಿ ಕಳೆದಿದೆ ಅಂತ ಯಾರೂ ಬಂದಿಲ್ಲ ಇಲ್ಲಿಗೆ. ಸುಳ್ಳಿ ಅಂತ ಅನ್ನಿಸ್ಕೊಂಡೆ. ನಾನು ಅಷ್ಟೇ ಹೇಳಿದ್ನೇನೇ? ಮುಕ್ಕಾಲುಪಾಲು ಬೈದಿದ್ದೆ! ಅದೆಲ್ಲ ಎಲ್ಲಿ ಹೋಯ್ತು? ಯಾರು ಆ ಕೆಲಸ ಮಾಡಿದ್ದು ಅಂತ ಪತ್ತೆ ಮಾಡಿ ಹೇಳು, ನಾನೇ ಬಂದು ಕೇಳ್ತೀನಿ.”

“ನಾನೇ ಅಕ್ಕ.”

ಇಸ್ತ್ರಿ ಮಾಡುತ್ತಿದ್ದ ಅಕ್ಕನ ಕೈ ನಿಂತಿತು.

“ನನ್ನ ಕೆಲಸ ಅದೇ. ಹಾಡು ಹಾಕೋದಲ್ಲ. ನಿನ್ನ ಧ್ವನಿ ಅಂತ ಗೊತ್ತಿದ್ದೇ ಮಾಡಿದೆ. ರೇಡಿಯೋ ಸದ್ದು ಜೋರು ಮಾಡಿದ್ದೂ ನಾನೇ. ಚೆನ್ನಾಗಿರುತ್ತೆ ಅಂತ ಮಾಡಿದೆ, ಇಷ್ಟೆಲ್ಲ ಆಗುತ್ತೆ ಅಂತ...”

ಅಂಗಿಯಿಂದ ಸುಟ್ಟ ವಾಸನೆ ಬಂತು. ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ನೋಡಿದಳು. ಬಿಳಿ ತೋಳಿನ ಮೇಲೆ ಕಂದು ಮಚ್ಚೆ. ಅದನ್ನು ಬೆರಳಲ್ಲಿ ಒಂದು ಸಲ ಉಜ್ಜಿದಳು. ಆಮೇಲೆ ಅಂಗಿಯನ್ನು ಮಡಚಿ ಕೆಳಗಿಟ್ಟು, ಇನ್ನೊಂದನ್ನು ತೆಗೆದುಕೊಂಡಳು. ಭಾವ ವ್ಯಾನ್ ನಿಲ್ಲಿಸಿ ಒಳಗೆ ಬಂದು, ಇಬ್ಬರ ಮುಖ ನೋಡಿ, ಹೊರಗೆ ಹೋಗಿ ಬೀಡಿ ಹಚ್ಚಿದರು.

ಮರುದಿನ ಬೆಳಿಗ್ಗೆ ಅವಳು ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವರು ಕೇಳಿದರು, ಎದ್ದು ಬಾಗಿಲು ಹಾಕಿದರು.

“ಈಗ ಹೇಳ್ತಿದೀಯಲ್ಲಮ್ಮ. ಸಂಜೆ ಚರ್ಚೆ ಇದೆ. ನಿನ್ನ ಅಕ್ಕನ್ನೇ ಕರೆಸಿದೀನಿ, ಪರದ ಕಡೆಯಿಂದ. ನಿನ್ನೆ ರಾತ್ರಿ ಫೋನ್ ಮಾಡಿದ್ದೆ. ಬರ್ತೀನಿ ಅಂದ್ರು.”

“ಬರ್ತೀನಿ ಅಂದಳಾ?”

“ಅಂದ್ರು. ಅದಕ್ಕೇ ಹೇಳೋದು, ಇದನ್ನ ಇಲ್ಲಿಗೇ ಬಿಡು. ದಂಡದ ವಿಷಯ ನಾನು ಮಾತಾಡ್ತೀನಿ, ರೇಡಿಯೋನೂ ವಾಪಸ್ ಬರುತ್ತೆ. ಅವರು ಬಂದು ನಾಲ್ಕು ಒಳ್ಳೆ ಮಾತು ಆಡಿ ಹೋಗ್ಲಿ. ಇಲ್ಲ, ತಪ್ಪಾಯ್ತು ಅಂತ ನಾವೇ ಡಂಗುರ ಹೊಡೆದ್ರೆ ಏನಾಗುತ್ತೆ ಗೊತ್ತಾ? ಶಾಸನಸಭೇಲಿ ವಿರೋಧದವರು ಎದ್ದು ನಿಂತು ಓದ್ತಾರೆ, ಜನರ ದುಡ್ಡಲ್ಲಿ ಜನರ ಮಾತನ್ನೇ ತಿರುಚ್ತಾರೆ ಅಂತ. ಈ ಕಟ್ಟಡದಲ್ಲಿ ಎಷ್ಟು ಸಂಸಾರ ಇದೆ ಅಂತ ಯೋಚನೆ ಮಾಡು. ನಿಂದೂ ಸೇರಿ.”

ಅವರು ಕೆಟ್ಟವರಲ್ಲ. ಆ ಕೋಣೆಯಲ್ಲಿ ಸೋರುವ ಚಾವಣಿಯ ಕೆಳಗೆ ಬಕೆಟ್ ಇಟ್ಟುಕೊಂಡು, ಚಾವಣಿ ರಿಪೇರಿಯ ದುಡ್ಡನ್ನೂ ಮಕ್ಕಳ ಪಾಠದ ಕಾರ್ಯಕ್ರಮಕ್ಕೆ ಹಾಕಿದವರು. ಅದಕ್ಕೇ ಅವರ ಮಾತು ತಳ್ಳಿಹಾಕಲು ಆಗಲಿಲ್ಲ. ಅವಳು ಮೇಜಿಗೆ ಬಂದು, ಅಕ್ಕನ ಪೂರ್ತಿ ರೆಕಾರ್ಡಿಂಗನ್ನು ಹುಡುಕಿ ತೆಗೆದು, ಸಂಜೆಯ ಪ್ರಸಾರದ ಯಂತ್ರದ ಒಂದು ಗುಂಡಿಗೆ ಸೇರಿಸಿಟ್ಟಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಸಂಜೆ ಅಕ್ಕ ಬಂದಳು. ಗೆರೆ ಕೂತ ಬಟ್ಟೆ, ಬಿಗಿಯಾಗಿ ಕಟ್ಟಿದ ಕೂದಲು, ಮಡಿಲಲ್ಲಿ ಕೈಚೀಲ. ಗಾಜಿನ ಆಚೆಯ ಸ್ಟುಡಿಯೋದಲ್ಲಿ ನಿರೂಪಕಿಯ ಎಡಕ್ಕೆ ಕೂತಳು. ಬಲಕ್ಕೆ ಫೀ ಬೇಡವೆನ್ನುವವರ ಪರವಾಗಿ ಬಂದ ವಕೀಲರು. ಗಾಜಿನ ಈಚೆ ಕಂಟ್ರೋಲ್ ರೂಮಿನಲ್ಲಿ ಕತ್ತರಿ, ಅವಳ ಹಿಂದೆ ನಿಂತ ಮುಖ್ಯಸ್ಥರು. ಅಕ್ಕ ಒಂದು ಸಲ ಗಾಜಿನ ಕಡೆ ನೋಡಿದಳು, ಪರಿಚಯವಿಲ್ಲದವರನ್ನು ನೋಡುವಂತೆ.

ಕೆಂಪು ದೀಪ ಹತ್ತಿತು. ವಕೀಲರು ಚೆನ್ನಾಗಿಯೇ ಮಾತಾಡಿದರು. ಕೇಳಲಿ ಬಿಡಲಿ, ಕೊಡಲೇಬೇಕು ಎನ್ನುವುದು ಯಾವ ವ್ಯಾಪಾರ ಎಂದರು. ಬಡವಿಯ ಬಾಗಿಲಿಗೆ ವಸೂಲಿಯವನನ್ನು ಕಳಿಸುವ ಸಂಸ್ಥೆ ಬಡವರ ಧ್ವನಿ ಎಂದು ಹೇಗೆ ಹೇಳಿಕೊಳ್ಳುತ್ತದೆ ಎಂದರು. ಕತ್ತರಿ ತಲೆ ತಗ್ಗಿಸಿದಳು.

ನಿರೂಪಕಿ ಅಕ್ಕನ ಕಡೆ ತಿರುಗಿದಳು. “ನಿಮ್ಮ ಧ್ವನಿ ಈಗ ನಮ್ಮ ಕೇಳುಗರಿಗೆಲ್ಲ ಪರಿಚಯ. ಶುಲ್ಕದ ಪರವಾಗಿ ನೀವು ಏನು ಹೇಳ್ತೀರಿ?”

“ನಾನು ಪರ ಅಂತ ನಿಮಗೆ ಯಾರು ಹೇಳಿದ್ದು?”

“ಅಂದ್ರೆ... ಅದು ನಿಮ್ಮದೇ ಧ್ವನಿ ಅಲ್ವಾ?”

“ಧ್ವನಿ ನಂದೇ. ಹೇಳಿದ್ದು ಅಷ್ಟೇ ಅಲ್ಲ. ಉಳಿದಿದ್ದು ಗಾಜಿನ ಆಚೆ ಕೂತಿದಾಳಲ್ಲ, ನನ್ನ ತಂಗಿ, ಅವಳ ಹತ್ರ ಇದೆ. ಕತ್ತರಿಸಿದ್ದೂ ಅವಳೇ. ಕೇಳಿಸೋಕೆ ಹೇಳಿ.”

ಕಂಟ್ರೋಲ್ ರೂಮಿನಲ್ಲಿ ಮುಖ್ಯಸ್ಥರು ಕತ್ತರಿಯ ಭುಜದ ಮೇಲೆ ಬಾಗಿದರು. “ತಾಂತ್ರಿಕ ತೊಂದರೆ ಅಂತ ಹಾಡು ಹಾಕು. ಹಾಕು ಬೇಗ.”

ಅಂಥ ಹೊತ್ತಿಗೆಂದೇ ಒಂದು ಹಾಡು ಸದಾ ಸಿದ್ಧವಾಗಿರುತ್ತಿತ್ತು. ಅದರ ಗುಂಡಿ ಬಲಗೈಯ ಬುಡದಲ್ಲೇ ಇತ್ತು. ಅವಳು ಎಡಗೈ ಚಾಚಿ, ಬೆಳಿಗ್ಗೆ ಸೇರಿಸಿಟ್ಟಿದ್ದ ಇನ್ನೊಂದನ್ನು ಒತ್ತಿದಳು.

ಚಪ್ಪಲಿಯ ಪ್ರಶ್ನೆ ಕೇಳಿಸಿತು. ಆಮೇಲೆ ಏನೂ ಇಲ್ಲ. ಹಬೆ. ಕೊಡವಿದ ಬಟ್ಟೆ. ದೂರದ ರೇಡಿಯೋ ಗೊಣಗು. ಮೌನಕ್ಕೆ ಹೆದರುವ ಆ ಕೇಂದ್ರದಲ್ಲಿ ಇಷ್ಟು ದೊಡ್ಡ ಮೌನ ಯಾರೂ ಕೇಳಿರಲಿಲ್ಲ. ಮುಖ್ಯಸ್ಥರ ಕೈ ಹಾಡಿನ ಗುಂಡಿಯ ಕಡೆ ಚಾಚಿತು. ಅವಳು ಗುಂಡಿಯ ಮೇಲೆ ಅಂಗೈ ಮುಚ್ಚಿದಳು.

“ಯೋಚನೆ ಮಾಡ್ತಿದಾಳೆ ಸಾರ್. ಬಿಡಿ.”

“ಇರಲಿ,” ಎಂದಿತು ಅಕ್ಕನ ಧ್ವನಿ. ಆಮೇಲೆ ಅಪ್ಪನ ಮಾತು, ಆಮೇಲೆ ಆದ್ರೆ, ಆಮೇಲೆ ಬಂಗಲೆ, ನಾಲ್ಕು ಕಿವಿ, ಕಟ್ಟೋಕಾಗಲ್ಲ, ಕಿತ್ತೇ ಹಾಕ್ಲಿ, ಯಾರ ಜೊತೆ ಇರ್ಲಿ. ಎಲ್ಲ ಹೋಯಿತು, ಒಂದು ಉಸಿರೂ ಬಿಡದೆ.

ಮುಗಿಯುತ್ತಲೇ ವಕೀಲರು ಮುಂದಕ್ಕೆ ಬಾಗಿದರು. “ಕೇಳಿದಿರಾ? ಇದಕ್ಕೇ ನೋಡಿ ನೀವೆಲ್ಲ ದುಡ್ಡು ಕೊಡ್ತಿರೋದು! ನನಗೆ ಇನ್ನು ವಾದವೇ ಬೇಕಾಗಿಲ್ಲ.”

ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡರು. ಅವರು ಹೆದರಿದ್ದೇ ಆಯಿತು.

“ಸ್ವಲ್ಪ ತಡೀರಿ ವಕೀಲರೇ,” ಎಂದಳು ಅಕ್ಕ. “ಬಡವಿ ಬಡವಿ ಅಂದ್ರಲ್ಲ, ನಿಮ್ಮ ಕಡೆಯವರೂ ನನ್ನ ಬೈಗುಳ ಕೇಳೋಕೆ ಬಂದಿರಲಿಲ್ಲ. ಇವರು ಕತ್ತರಿಸಿದ್ರು, ಅದು ಮೋಸ. ಅದನ್ನ ಈಗ ಇವರೇ ಕೇಳಿಸಿದ್ರು. ಅದಕ್ಕೆ ನಾನು ದುಡ್ಡು ಕೊಡ್ತೀನೋ ಇಲ್ವೋ, ಇನ್ನೂ ಗೊತ್ತಿಲ್ಲ. ಅವಸರ ಮಾಡ್ಬೇಡಿ, ಯೋಚನೆ ಮಾಡೋಕೆ ಬಿಡಿ ನನ್ನ.”

ಫೋನುಗಳ ದೀಪಗಳೆಲ್ಲ ಒಟ್ಟಿಗೆ ಮಿನುಗತೊಡಗಿದವು. ಬೈಯುವವರೋ ಹೊಗಳುವವರೋ, ಎತ್ತಿದ ಮೇಲೆ ತಾನೇ ಗೊತ್ತಾಗುವುದು. ಚಪ್ಪಲಿ ಒಂದನ್ನು ಎತ್ತಿ, ದೂರ ಹಿಡಿದುಕೊಂಡು ಮುಖ ಹಿಂಡಿದ.

ಕಾರ್ಯಕ್ರಮ ಮುಗಿದ ಮೇಲೆ ಮುಖ್ಯಸ್ಥರು ಅವಳಿಗೆ ಬೈಯಲಿಲ್ಲ. “ನಾಳೆ ಮೇಲಿನವರು ಕರೀತಾರೆ. ನನ್ನನ್ನೂ ಕರೀತಾರೆ. ಏನು ಹೇಳ್ಬೇಕು ಅಂತ ನಂಗೆ ತೋಚ್ತಿಲ್ಲ,” ಎಂದಷ್ಟೇ ಹೇಳಿ, ಗೋಡೆಗೆ ಒರಗಿ ನಿಂತರು. ಒಮ್ಮೆಲೇ ಮುದುಕರಾದಂತೆ ಕಂಡರು. ಆ ಮುಖವನ್ನು ನೋಡಲಾರದೆ ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ಅಕ್ಕ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ತಂಗಿ ಹೋಗಿ ಸ್ವಲ್ಪ ದೂರದಲ್ಲಿ ನಿಂತಳು.

“ಕೆಲಸ ಹೋಗುತ್ತಾ?” ಎಂದಳು ಅಕ್ಕ, ರಸ್ತೆ ನೋಡುತ್ತ.

“ಗೊತ್ತಿಲ್ಲ. ನಾಳೆ ಕರೆದಿದಾರೆ.”

“ನಾನು ನಿನ್ನ ಹೆಸರು ಹೇಳಬಾರದಿತ್ತು ಅಂತ ನಿಮ್ಮ ಭಾವ ಬೈತಾರೆ ಈಗ.”

“ಹೇಳಿದ್ದು ಸರಿ.”

“ಸರಿಯೋ ತಪ್ಪೋ. ನಿನ್ನ ಓದಿಸಿದ್ದು ಇದಕ್ಕಾ ಅಂತ ರಾತ್ರಿ ಎಲ್ಲ ಅದೇ ತಲೇಲಿ. ಬೇರೆ ಯಾರೋ ಮಾಡಿದ್ರೆ ಇಷ್ಟು ಉರೀತಿರಲಿಲ್ಲ ನಂಗೆ.”

“ಅಕ್ಕ...”

“ಈಗ ಏನೂ ಹೇಳ್ಬೇಡ. ನಾನು ಕೇಳೋ ಸ್ಥಿತೀಲಿಲ್ಲ.”

ಬಸ್ ಬಂತು. ಅಕ್ಕ ಮೊದಲು ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ಕೈಚೀಲವನ್ನು ಪಕ್ಕದ ಖಾಲಿ ಸೀಟಿನ ಮೇಲಿಟ್ಟಳು. ಬಸ್ಸಿನ ತುಂಬ ಬೇರೆ ಸೀಟುಗಳು ಖಾಲಿ ಇದ್ದವು. ತಂಗಿ ಯಾವುದರಲ್ಲೂ ಕೂರಲಿಲ್ಲ. ಆ ಚೀಲದ ಪಕ್ಕದಲ್ಲೇ ಕಂಬಿ ಹಿಡಿದು ನಿಂತಳು. ಬಸ್ ತಿರುವಿನಲ್ಲಿ ವಾಲಿದಾಗ ಚೀಲ ಸೀಟಿನ ಅಂಚಿಗೆ ಜಾರಿತು. ಅವಳು ಅದು ಬೀಳದಂತೆ ಮೊಣಕಾಲು ಅಡ್ಡ ಕೊಟ್ಟಳು. ಅಕ್ಕ ನೋಡಿದಳು. ಚೀಲವನ್ನು ತೆಗೆಯಲೂ ಇಲ್ಲ, ಆಚೆ ಸರಿಸಿಕೊಳ್ಳಲೂ ಇಲ್ಲ.